ಒಬ್ಬರು ಬೇಡ ಎಂದರೆ

ಆ ಶನಿವಾರ ಒಂದು ಕಾಲೇಜಿನ ಲೈಬ್ರರಿಯಿಂದ ಹಳೆಯ ಪುಸ್ತಕಗಳು ರೀಬೈಂಡಿಂಗ್‌ಗೆ ಬಂದಿದ್ದವು. ನಾನು ಬಿಚ್ಚಿಹೋದ ಹಾಳೆಕಟ್ಟುಗಳನ್ನು, ನಮ್ಮ ಕಸುಬಿನ ಮಾತಿನಲ್ಲಿ ಫಾರಂಗಳನ್ನು, ಜೋಡಿಸಿ ಹೊಲಿಯುತ್ತಿದ್ದೆ. ನನ್ನ ತಮ್ಮ ಕಾಗದದ ಬಂಡಲ್ ಮೇಲೆ ಕಾಲು ಮಡಚಿ ಕುಳಿತು ಓದಿ ಹೇಳುತ್ತಿದ್ದ. ಮಂಡಿ ಮೊಹಲ್ಲಾದಲ್ಲಿರುವ ನಮ್ಮ ಬೈಂಡಿಂಗ್ ಅಂಗಡಿ ಬಹಳ ಚಿಕ್ಕದು. ಎದುರಿಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ, ಪಕ್ಕದಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿ. ಮೆಣಸಿನಕಾಯಿ ಮೂಟೆ ಇಳಿಸುವ ಹೊತ್ತಿಗೆ ಬೀದಿಗೆ ಬೀದಿಯೇ ಸೀನುತ್ತದೆ. ಅವತ್ತೂ ಸೀನಿತು. ನನ್ನ ತಮ್ಮ ಎರಡು ಸಲ ಸೀನಿ, ಕನ್ನಡಕ ಒರೆಸಿಕೊಂಡು, ಬಿಟ್ಟ ಸಾಲಿನಿಂದ ಮತ್ತೆ ಶುರುಮಾಡಿದ.

ಅವನು ಇಂಗ್ಲಿಷ್ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳುತ್ತಿದ್ದ. ಸ್ವಿಟ್ಜರ್‌ಲೆಂಡಿನ ಬೆಟ್ಟದ ಊರುಗಳಲ್ಲಿ ಹಿಂದೆ ಗಡಿಯಾರ ಮಾಡುವವರಿದ್ದರಂತೆ. ತಮ್ಮ ಮನೆಗಳಲ್ಲೋ ಸಣ್ಣ ಸಣ್ಣ ಅಂಗಡಿಗಳಲ್ಲೋ ಕುಳಿತು ಕೆಲಸ ಮಾಡುತ್ತಿದ್ದರಂತೆ. ತಲೆಯ ಮೇಲೆ ಮೇಸ್ತ್ರಿ ಇಲ್ಲದ್ದರಿಂದ ಕೆಲಸ ಮಾಡುತ್ತಲೇ ಲೋಕದ ವಿಚಾರ ಮಾತಾಡುತ್ತಿದ್ದರಂತೆ. ಯಾರ ಮೇಲೂ ಯಾರೂ ಅಧಿಕಾರ ಮಾಡದೆ ಬದುಕಬಹುದು ಎನ್ನುವ ವಿಚಾರಕ್ಕೆ ಅಂಥವರ ಮಾತುಕತೆಯಿಂದಲೇ ಬಲ ಬಂತಂತೆ.

"ನೋಡಕ್ಕ, ಅವರೂ ನಮ್ಮ ಥರಾನೇ. ಕೈ ಕೆಲಸ ಮಾಡ್ತಿತ್ತು, ಬಾಯಿ ರಾಜಕೀಯ ಮಾತಾಡ್ತಿತ್ತು."

"ಇಲ್ಲಿ ಕೈ ನಂದು, ಬಾಯಿ ನಿಂದು ಕಣೋ," ಎಂದೆ.

ಅವನು ಜೋರಾಗಿ ನಕ್ಕ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಒಂದೇ ಚಪಾತಿ ತೆಗೆದುಕೊಂಡ. ಯಾಕೋ ಎಂದೆ.

"ಎದೆ ಉರಿ. ಬೆಳಗ್ಗೆ ಟ್ಯುಟೋರಿಯಲ್ ಹತ್ರ ವಡೆ ತಿಂದ್ಬುಟ್ಟೆ."

"ಎಷ್ಟು ತಿಂದೆ?"

"ಎರಡು."

"ಅಂದ್ರೆ ನಾಲ್ಕು."

"ಮೂರು ಕಣಕ್ಕ, ಆಣೆ."

ಸಂಜೆ ಷಟರ್ ಎಳೆದು ಬೋಗಾದಿಯ ಬಸ್ಸು ಹಿಡಿದೆವು. ಸೀಟು ಸಿಕ್ಕಿತ್ತು. ಸರಸ್ವತಿಪುರಂ ದಾಟುವಾಗಲೇ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ನಮ್ಮ ಸ್ಟಾಪು ಬಂದಾಗ ನಾನು ಮೊಣಕೈಯಿಂದ ತಿವಿದೆ. ಆ ದಿನದ ಬಗ್ಗೆ ನನಗೆ ನೆನಪಿರುವುದು ಇಷ್ಟೇ. ಇನ್ನಷ್ಟು ನೆನಪಿಟ್ಟುಕೊಳ್ಳಬೇಕು ಎಂದು ಆಗ ಗೊತ್ತಿರಲಿಲ್ಲ.

ನನ್ನ ತಮ್ಮ ಅರಾಜಕವಾದಿ. ಹೀಗೆ ಬರೆದರೆ ಓದುವವರಿಗೆ ಬೇರೆ ಏನೋ ಕಾಣುತ್ತದೆ ಎಂದು ನನಗೆ ಗೊತ್ತು. ನಮ್ಮ ಪತ್ರಿಕೆಗಳಲ್ಲಿ ಬಸ್ಸಿಗೆ ಕಲ್ಲು ಬಿದ್ದರೆ ಅರಾಜಕತೆ, ಕಸ ಎತ್ತದಿದ್ದರೂ ಅರಾಜಕತೆ. ಅವನು ಬೆಳಿಗ್ಗೆ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ. ಅದು ಮುಗಿಸಿ ಅಂಗಡಿಗೆ ಬರುತ್ತಿದ್ದ. ಯಾರ ಮೇಲೂ ಕಲ್ಲೆಸೆದವನಲ್ಲ, ಬೀದಿನಾಯಿಗೂ ಗದರಿಸಿದವನಲ್ಲ.

ಎದುರಿನ ಮೆಣಸಿನಕಾಯಿ ಸಾಹುಕಾರರು ಅವನನ್ನು ರೇಗಿಸುತ್ತಿದ್ದರು.

"ಏನ್ರೀ ಮೇಷ್ಟ್ರೇ, ಅರಮನೆ ದೀಪ ನೋಡ್ಕೊಂಡು ಬೆಳೆದೋರು ನೀವು. ರಾಜರು ಬೇಡ ಅಂದ್ರೆ ಹೋಗ್ಲಿ ಬುಡಿ, ಸರ್ಕಾರಾನೂ ಬೇಡ ಅಂತೀರಲ್ಲ. ರೇಷನ್ ಯಾರು ಕೊಡ್ತಾರೆ?"

"ನೀವೇ ಕೊಡ್ಬೋದಲ್ಲ ಸ್ವಾಮಿ, ಇಷ್ಟು ಮೂಟೆ ಇದಾವೆ."

"ನನ್ ಮೂಟೆ ಸುದ್ದಿಗೆ ಯಾಕ್ರೀ ಬರ್ತೀರಿ!"

ನನಗೆ ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತೇನೆ. ನಾನು ಓದಿದ್ದು ಪಿಯುಸಿವರೆಗೆ. ಅವನ ಪ್ರಕಾರ ಆಳ್ವಿಕೆ ಎನ್ನುವುದು ವಿಧಾನಸೌಧದಲ್ಲಿ ಮಾತ್ರ ಇರುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಮಠದಲ್ಲಿ, ಕಾರ್ಖಾನೆಯಲ್ಲಿ, ಎಲ್ಲೆಲ್ಲಿ ಒಬ್ಬರು ಮಾಡು ಎಂದು ಹೇಳಿ ಇನ್ನೊಬ್ಬರು ಹೆದರಿ ಮಾಡುತ್ತಾರೋ ಅಲ್ಲೆಲ್ಲ ಇರುತ್ತದೆ. ಅದನ್ನು ತೆಗೆದರೆ ಗಲಭೆಯಾಗುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ಜನ ಒಪ್ಪಿ ಮಾಡುವ ಕೆಲಸಗಳೇ ಲೋಕದಲ್ಲಿ ಹೆಚ್ಚು ಎನ್ನುತ್ತಿದ್ದ. ನಮ್ಮ ತಾಯಿಯ ಊರಿನಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. "ಅದಕ್ಕೆ ಯಾವ ಸರ್ಕಾರ ಆದೇಶ ಹೊರಡಿಸಿತ್ತು ಹೇಳು?" ಎಂದು ಕೇಳುತ್ತಿದ್ದ.

ಈ ವಿಚಾರದ ಹೆಸರಿನಲ್ಲಿ ಬಾಂಬು ಎಸೆದವರೂ ಇದ್ದರು, ರಾಜರನ್ನು ಕೊಂದವರೂ ಇದ್ದರು. ಅದನ್ನು ಅವನು ಮುಚ್ಚಿಡುತ್ತಿರಲಿಲ್ಲ. ಆ ರಕ್ತದ ಕಲೆ ಈ ಹೆಸರಿನಿಂದ ಹೋಗುವುದಿಲ್ಲ ಎನ್ನುತ್ತಿದ್ದ. ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಕೇಳಿದ ಚಳವಳಿಯಲ್ಲಿದ್ದು ಅಮೆರಿಕದಲ್ಲಿ ಗಲ್ಲಿಗೇರಿದವರ ಬಗ್ಗೆ ಹೇಳುವಾಗ ಅವನ ದನಿ ಇಳಿಯುತ್ತಿತ್ತು. ಸ್ಪೇನಿನಲ್ಲಿ ಯುದ್ಧದ ನಡುವೆ ಒಂದು ನಗರದಲ್ಲಿ ಟ್ರಾಮು ಓಡಿಸುವವರೇ ಸೇರಿ ಟ್ರಾಮು ನಡೆಸಿದರಂತೆ, ಕ್ಷೌರಿಕರೇ ಸೇರಿ ಕ್ಷೌರದಂಗಡಿ ನಡೆಸಿದರಂತೆ. ಅದು ಬಹಳ ಕಾಲ ಉಳಿಯಲಿಲ್ಲ. ಶತ್ರುಗಳು ಒಂದು ಕಡೆಯಿಂದ, ಸ್ನೇಹಿತರು ಅನ್ನಿಸಿಕೊಂಡವರು ಇನ್ನೊಂದು ಕಡೆಯಿಂದ ಮುಗಿಸಿದರು. "ಯಾವಾಗ್ಲೂ ಸೋತಿದಾರೆ ಕಣಕ್ಕ," ಎನ್ನುತ್ತಿದ್ದ, ತನ್ನ ಕ್ರಿಕೆಟ್ ಟೀಮಿನ ಬಗ್ಗೆ ಹೇಳುವವನಂತೆ.

ಒಮ್ಮೆ ಬೋಗಾದಿಯ ನಮ್ಮ ರಸ್ತೆಯಲ್ಲಿ ಒಬ್ಬ ಕಾಲೇಜು ಹುಡುಗನ ಟೀ ಶರ್ಟಿನ ಮೇಲೆ ಈ ಚಳವಳಿಯ ಗುರುತು ಇತ್ತು, ವೃತ್ತದೊಳಗೆ ಇಂಗ್ಲಿಷಿನ 'ಎ' ಅಕ್ಷರ. ನನ್ನ ತಮ್ಮ ಖುಷಿಯಿಂದ ಅವನನ್ನು ನಿಲ್ಲಿಸಿ ಇದೇನು ಗೊತ್ತಾ ಎಂದು ಕೇಳಿದ. "ಬ್ರ್ಯಾಂಡು ಅಂಕಲ್" ಎಂದ ಹುಡುಗ. ನನ್ನ ತಮ್ಮ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕ.

ನಮ್ಮ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ಐದು ಜನ ಸೇರುತ್ತಿದ್ದೆವು. ನಾನು, ನನ್ನ ತಮ್ಮ, ಪಕ್ಕದ ಲೇತ್ ಅಂಗಡಿಯ ಭಾಯಿ, ರಿಟೈರಾದ ಪ್ರೈಮರಿ ಶಾಲೆಯ ಟೀಚರ್, ಮತ್ತೆ ಬೋಗಾದಿಯ ಪೇಯಿಂಗ್ ಗೆಸ್ಟ್ ಮನೆಯೊಂದರಲ್ಲಿದ್ದ ಒಬ್ಬ ಹುಡುಗಿ. ಅವಳು ತನ್ನ ಎಂ.ಎ. ಪ್ರಬಂಧ ಬೈಂಡ್ ಮಾಡಿಸಲು ಬಂದವಳು, ಹಾಗೇ ಉಳಿದುಕೊಂಡಳು. ಮೊದಮೊದಲು ನನ್ನ ತಮ್ಮನನ್ನು ಸರ್ ಎನ್ನುತ್ತಿದ್ದಳು. ಅವನು ಕೈಮುಗಿದು ಬೇಡಿಕೊಂಡ ಮೇಲೆ ಅಣ್ಣ ಎನ್ನತೊಡಗಿದಳು.

ನಾವು ಮಾಡುತ್ತಿದ್ದದ್ದು ದೊಡ್ಡದೇನಲ್ಲ. ಅಂಗಡಿ ಮುಂದೆ ಬೀಗವಿಲ್ಲದ ಒಂದು ಪುಸ್ತಕದ ಕಪಾಟು ಇಟ್ಟಿದ್ದೆವು. ಬೇಕಾದವರು ತೆಗೆದುಕೊಂಡು ಹೋಗಬಹುದು. ಜೂನ್ ತಿಂಗಳಲ್ಲಿ ಮೊಹಲ್ಲಾದ ಮಕ್ಕಳ ಹರಿದ ಪಠ್ಯಪುಸ್ತಕಗಳನ್ನು ಹೊಲಿದು ಕೊಡುತ್ತಿದ್ದೆವು. ವರ್ಷಕ್ಕೊಂದು ಸಣ್ಣ ಪುಸ್ತಿಕೆ ತರುತ್ತಿದ್ದೆವು.

ಈ ಕೂಟಕ್ಕೆ ಅಧ್ಯಕ್ಷರಿರಲಿಲ್ಲ. ಒಮ್ಮೆ ಪಾರ್ಕಿನಲ್ಲಿ ಪುಸ್ತಕ ಹರಡಲು ಅನುಮತಿ ಕೇಳಿದಾಗ ಅರ್ಜಿಯಲ್ಲಿ ಅಧ್ಯಕ್ಷರ ಹೆಸರು ಎಂಬ ಕಡೆ ನನ್ನ ತಮ್ಮ "ಇಲ್ಲ" ಎಂದು ಬರೆದ. ಗುಮಾಸ್ತರು ವಾಪಸು ಕೊಟ್ಟು, "ಇಲ್ಲ ಅನ್ನೋರನ್ನೇ ಕರ್ಕೊಂಡ್ಬನ್ನಿ, ಸೈನ್ ಹಾಕ್ಲಿ," ಎಂದರು. ಪಾರ್ಕು ಸಿಗಲಿಲ್ಲ.

ನಮಗಿದ್ದದ್ದು ಒಂದೇ ನಿಯಮ. ಎಲ್ಲರೂ ಒಪ್ಪಿದ್ದು ಮಾತ್ರ ಆಗುತ್ತದೆ. ಒಬ್ಬರು ಬೇಡ ಎಂದರೆ ಅದು ಅಲ್ಲಿಗೆ ನಿಲ್ಲುತ್ತದೆ. ಆ ಒಬ್ಬರನ್ನು ಒಪ್ಪಿಸಲು ಮಾತಾಡಬಹುದು, ಕಾಯಬಹುದು. ಅವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಪುಸ್ತಿಕೆಯ ರಟ್ಟಿಗೆ ಕೆಂಪು ಬಣ್ಣ ಬೇಡ ಎಂದು ಟೀಚರ್ ಹಿಡಿದ ಹಟಕ್ಕೆ ಒಮ್ಮೆ ಐದು ವಾರ ಕಾದಿದ್ದೆವು. ಕೊನೆಗೆ ಬೂದುಬಣ್ಣದಲ್ಲಿ ಬಂತು. ಚೆನ್ನಾಗಿಯೇ ಇತ್ತು. ಹನ್ನೊಂದು ವರ್ಷ ಹೀಗೆ ನಡೆಸಿದೆವು. ಅಷ್ಟು ವರ್ಷ ಮಾಡಿದ್ದು ಮೈಗೆ ಹತ್ತಿಬಿಡುತ್ತದೆ, ನಾಲಿಗೆಯೂ ಹಾಗೇ ತಿರುಗುತ್ತದೆ.

ಇವರೆಲ್ಲರಿಗಿಂತ ಮೊದಲೇ ಆ ನಿಯಮ ನನಗೆ ಬಂದಿತ್ತು. ಅದನ್ನೂ ಬರೆಯಬೇಕು.

ನಮ್ಮ ತಂದೆ ಹುಕುಂ ಮಾಡುವ ಮನುಷ್ಯ. ಮಠದ ಪುಸ್ತಕಗಳಿಗೆಲ್ಲ ಅವರೇ ಬೈಂಡರ್. ಹೊರಗೆ ಬಹಳ ವಿನಯ, ಮನೆಯಲ್ಲಿ ಎದುರು ಮಾತಿಲ್ಲ. ಅವರು ತೀರಿಕೊಂಡಾಗ ನನ್ನ ತಮ್ಮ ಎರಡನೇ ಪಿಯುಸಿ. ನಾನು ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು, ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ತಿಥಿ ಮುಗಿದ ವಾರ ನಾನು ಅವನಿಗೆ, "ಕಾಲೇಜು ಸಾಕು. ನಾಳೆಯಿಂದ ಅಂಗಡೀಲಿ ಕೂತ್ಕೋ," ಎಂದೆ. ತಂದೆಯ ದನಿಯಲ್ಲೇ ಹೇಳಿದೆ. ಅವನು ಆಯ್ತು ಎಂದ. ಬೆಳಿಗ್ಗೆ ಎದ್ದರೆ ಮನೆಯಲ್ಲಿರಲಿಲ್ಲ.

ನಾಲ್ಕು ತಿಂಗಳು ಸುದ್ದಿಯಿಲ್ಲ. ಮಂಗಳೂರಿನ ಕಡೆ ಒಂದು ಪ್ರೆಸ್ಸಿನಲ್ಲಿದ್ದನಂತೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ವಯಸ್ಸಾದ ಕಂಪೋಸಿಟರ್ ಒಬ್ಬರು ಅವನಿಗೆ ಈ ವಿಚಾರದ ಪುಸ್ತಕಗಳನ್ನು ಕೊಟ್ಟರಂತೆ. ಒಂದು ದಿನ ಅಂಗಡಿ ಬಾಗಿಲಲ್ಲಿ ಬಂದು ನಿಂತ. ಕುತ್ತಿಗೆಯ ಮೂಳೆ ಕಾಣುತ್ತಿತ್ತು. ನಾನು ಎದ್ದು ಸ್ಟೂಲು ಸರಿಸಿದೆ. ಅವನು ಕುಳಿತ ಮೇಲೆ ಹೇಳಿದೆ: "ಇನ್ಮೇಲೆ ನಿಂಗೆ ಹಿಂಗ್ಮಾಡು ಅಂತ ಹೇಳಲ್ಲ ಕಣೋ. ಕೇಳ್ತೀನಿ ಅಷ್ಟೆ."

ಆ ಮಾತನ್ನು ನಾನು ಇಪ್ಪತ್ತನಾಲ್ಕು ವರ್ಷ ನಡೆಸಿಕೊಂಡು ಬಂದೆ. ಸ್ವೆಟರ್ ಹಾಕ್ಕೋ ಎಂದು ಕೂಡ ಹೇಳಿದವಳಲ್ಲ. ಚಳಿ ಇದ್ಯೇನೋ ಎಂದು ಕೇಳುತ್ತಿದ್ದೆ.

ಆ ಭಾನುವಾರ ಹತ್ತೂವರೆಗೆ ಐವರೂ ಸೇರಿದೆವು. ಮಳೆಗಾಲಕ್ಕೆ ಮೊದಲು ಹೊರಗಿನ ಕಪಾಟನ್ನು ಒಳಗೆ ತರಬೇಕೇ, ತಗಡು ಹೊದಿಸಬೇಕೇ ಎಂಬುದು ಆ ದಿನದ ವಿಷಯ. ಮಾರ್ಚ್ ತಿಂಗಳು, ಸೆಕೆ ಇತ್ತು. ಆದರೆ ನನ್ನ ತಮ್ಮನ ಹಣೆಯ ಮೇಲಿದ್ದದ್ದು ಸೆಕೆಯ ಬೆವರಲ್ಲ. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಉಜ್ಜಿಕೊಳ್ಳುತ್ತಿದ್ದ.

ಭಾಯಿ ಮೊದಲು ಕೇಳಿದರು. "ಮುಖ ಸರಿಯಿಲ್ಲ ನಿಮ್ದು. ಆಟೋ ಕರೀಲಾ?"

"ಬೇಡ ಭಾಯಿ. ಗ್ಯಾಸು. ನಿನ್ನೆಯಿಂದ ಇದೆ."

"ಡಾಕ್ಟರ ಹತ್ರ ಹೋಗ್ಬರೋಣ್ವೇನಪ್ಪ?" ಎಂದರು ಟೀಚರ್.

"ಬೇಡ ಟೀಚರ್. ಭಾನುವಾರ ಯಾರಿರ್ತಾರೆ."

ಹುಡುಗಿ ಅಷ್ಟರಲ್ಲಿ ಫೋನು ತೆಗೆದಿದ್ದಳು. "ಅಣ್ಣ, ಎಡಗೈ ನೋವಿದ್ರೆ ಹಾರ್ಟಿರಬೋದು ಅಂತಿದೆ. ಆಂಬುಲೆನ್ಸ್‌ಗೆ ಮಾಡ್ಲಾ?"

"ಬೇಡಮ್ಮ. ಅದರಲ್ಲಿ ನೆಗಡಿಗೂ ಕ್ಯಾನ್ಸರ್ ಅಂತಾನೇ ಬರೋದು."

ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಮೂವರೂ ನನ್ನ ಮುಖ ನೋಡಿದರು.

"ಹೋಗೋಣ್ವೇನೋ?" ಎಂದು ಕೇಳಿದೆ.

"ಬೇಡ ಬುಡಕ್ಕ."

ನಾನು ಎದ್ದು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಗೋಂದು ಕಾಯಿಸುವ ಪಂಪ್ ಸ್ಟೌವ್ ಇದೆ. ಮೈದಾ ಗೋಂದು ಹತ್ತಿದ ಪಾತ್ರೆಯನ್ನು ತೊಳೆದು ಜೀರಿಗೆ ನೀರು ಕಾಯಿಸಿದೆ. ಹೊರಗೆ ಅವರು ಏನೋ ಮಾತಾಡುತ್ತಿದ್ದರು, ಸ್ಟೌವಿನ ಸದ್ದಿನಲ್ಲಿ ಕೇಳಿಸಲಿಲ್ಲ. ಲೋಟ ತಂದು ಕೊಟ್ಟೆ. ಅವನು ಎರಡು ಗುಟುಕು ಕುಡಿದು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಹೂಂ, ಕಪಾಟಿನ ವಿಷಯ ಮುಗಿಸ್ರಪ್ಪ," ಎಂದ.

ನಾವು ಮುಗಿಸಿದೆವು. ನಲವತ್ತು ನಿಮಿಷ ಕಪಾಟಿನ ಬಗ್ಗೆ ಮಾತಾಡಿದೆವು. ನಡುವೆ ಇನ್ನೂ ಎರಡು ಸಲ ಕೇಳಿದೆ. ಬೇಡ ಎಂದ. ತಗಡು ಹೊದಿಸುವುದೆಂದು ಎಲ್ಲರೂ ಒಪ್ಪಿದರು. ಹನ್ನೆರಡರ ಹೊತ್ತಿಗೆ ಅವನು ಹೊಲಿದಿಟ್ಟ ಪುಸ್ತಕಗಳ ಸಾಲಿನ ಮೇಲೆ ಒರಗಿದ. ಒರಗಿದ್ದಾನೆ ಎಂದೇ ಅಂದುಕೊಂಡೆ.

ಭಾಯಿ ಆಗ ಯಾರನ್ನೂ ಏನೂ ಕೇಳಲಿಲ್ಲ. ಎತ್ತಿಕೊಂಡು ಓಡಿದರು.

ಆಸ್ಪತ್ರೆಯಲ್ಲಿ ನಮ್ಮ ಕೆಲಸ ಕೆಲವೇ ನಿಮಿಷದಲ್ಲಿ ಮುಗಿಯಿತು, ಅವನ ಉಸಿರು ಆಗಲೇ ನಿಂತಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು. ನೋವು ಶುರುವಾಗಿ ಎಷ್ಟು ಹೊತ್ತಾಯಿತು ಎಂದರು. ಒಂದೂವರೆ ಗಂಟೆ ಎಂದೆ.

"ನಾಲ್ಕು ಜನ ಜೊತೇಲಿದ್ರಿ. ಯಾರೂ ಕರ್ಕೊಂಡ್ ಬರೋಣ ಅನ್ಲಿಲ್ವಾ?"

"ಅಂದ್ವಿ ಡಾಕ್ಟ್ರೇ. ಅವನು ಬೇಡ ಅಂದ."

ಅವರು ಕೈಗವಸು ಕಳಚುತ್ತಾ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. "ಪೇಷೆಂಟುಗಳೆಲ್ಲ ಬೇಡ ಅಂತಾನೇ ಅನ್ನೋದು ಕಣಮ್ಮ," ಎಂದರು.

ಅವನನ್ನು ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಮಾಡಿದರು. ಮಠದಿಂದ ಅಯ್ಯನವರು ಬಂದು ಪೂಜೆ ಮಾಡಿಸಿದರು. ಇದ್ಯಾವುದೂ ತನಗೆ ಬೇಡ ಎಂದು ಅವನು ಎಷ್ಟೋ ಸಲ ಹೇಳಿದ್ದ. ಊರಿನಿಂದ ಬಂದಿದ್ದ ನಮ್ಮ ದೊಡ್ಡಮ್ಮ ನಿಂತುಕೊಂಡು ನೀರು ತನ್ನಿ, ಹೂವು ತನ್ನಿ, ನೀನು ಇಲ್ಲಿ ಕೂತ್ಕೋ, ನೀನು ಏಳು ಎಂದು ಹುಕುಂ ಮಾಡುತ್ತಿದ್ದರು. ನಾನು ಹೇಳಿದ ಕಡೆ ಕುಳಿತೆ, ಹೇಳಿದಾಗ ಎದ್ದೆ. ನಿಜ ಬರೆಯಬೇಕೆಂದರೆ, ಆ ದಿನ ಯಾರೋ ಒಬ್ಬರು ಹಾಗೆ ಹೇಳುತ್ತಿದ್ದದ್ದು ನನಗೆ ಆಸರೆಯಾಗಿತ್ತು. ಅದಕ್ಕೂ ನಾಚಿಕೆಯಾಯಿತು.

ಅಂಗಡಿ ತೆರೆದದ್ದು ಇಪ್ಪತ್ತು ದಿನದ ಮೇಲೆ. ಹಿಂದಿನ ಕೋಣೆಗೆ ಹೋಗಿ ಗೋಂದು ಕಾಯಿಸಲು ಸ್ಟೌವ್ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಹೊರಗೆ ನಾಲ್ಕು ಜನ ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿದ ಹಾಗಾಯಿತು. ಸ್ಟೌವ್ ಆರಿಸಿ ಓಡಿ ಬಂದೆ. ಯಾರೂ ಇರಲಿಲ್ಲ. ಎದುರಿನ ಸಾಹುಕಾರರು ನನ್ನನ್ನು ನೋಡಿ ತಲೆ ತಗ್ಗಿಸಿದರು. ಮತ್ತೆ ಹಚ್ಚಿದೆ. ಮತ್ತೆ ಹಾಗೇ ಆಯಿತು. ಆ ಸ್ಟೌವನ್ನು ನಾನು ಈಗ ಹಚ್ಚುವುದಿಲ್ಲ. ಡಬ್ಬಿಯ ಗೋಂದು ತರುತ್ತೇನೆ.

ಅವನು ದೆವ್ವವಾಗಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಅವನ ದನಿ ಉಳಿದಿದೆ, ಅದೂ ಒಂದೇ ಮಾತಿನಲ್ಲಿ. ತರಕಾರಿಯವನು ಬೀನ್ಸ್ ಹಾಕ್ಲಾ ಎಂದರೆ ನನ್ನ ಪಕ್ಕದಿಂದ ಬೇಡ ಎಂದು ಕೇಳುತ್ತದೆ. ಕಂಡಕ್ಟರು ಚಿಲ್ಲರೆ ಇದ್ಯಾ ಎಂದರೂ ಬೇಡ. ಹೊಲಿಯಲು ಸೂಜಿ ಹಿಡಿದಾಗ, ಅವನು ಓದಿ ಹೇಳಿದ್ದೆಲ್ಲ ತುಂಡು ತುಂಡಾಗಿ ಬರುತ್ತದೆ. ಗಡಿಯಾರ ಮಾಡುವವರು ಬರುತ್ತಾರೆ, ಟ್ರಾಮು ಬರುತ್ತದೆ. ಆಗ ಅರ್ಧ ಕಿವಿಯಲ್ಲಿ ಕೇಳಿದ್ದೆ. ಈಗ ಮಿಕ್ಕ ಅರ್ಧ ಕೇಳೋಣವೆಂದರೆ ಹೇಳುವವನಿಲ್ಲ. ಆ ಗಡಿಯಾರ ಮಾಡುವವರ ನಡುವೆ ಒಬ್ಬನಿಗೆ ಎದೆ ನೋವು ಬಂದಿರಲಿಲ್ಲವೇ, ಬಂದಾಗ ಅವರು ಏನು ಮಾಡಿದರು ಎಂದು ಕೇಳಬೇಕಿತ್ತು. ಅವನ ಪುಸ್ತಕಗಳಲ್ಲಿ ಹುಡುಗಿಯ ಕೈಲಿ ಹುಡುಕಿಸಿದೆ. ಕಾರ್ಖಾನೆ, ಜೈಲು, ಚುನಾವಣೆ, ಮದುವೆ, ಎಲ್ಲದರ ಬಗ್ಗೆಯೂ ಇದೆ. ಇದರ ಬಗ್ಗೆ ಅವಳಿಗೆ ಸಿಗಲಿಲ್ಲ.

ನಾನು ಬದಲಾದೆ. ಬಸ್ಸಿನಲ್ಲಿ ಗುರುತಿಲ್ಲದವರು ಕೆಮ್ಮಿದರೆ ಡಾಕ್ಟರಿಗೆ ತೋರ್ಸಿ ಎಂದು ಗದರುತ್ತಿದ್ದೆ. ಹುಡುಗಿಗೆ ತಿನ್ನು, ಕುಡಿ, ಮಲಗು ಎನ್ನತೊಡಗಿದೆ. ಅವಳು ನನ್ನ ಮುಖ ನೋಡಿ ಹೇಳಿದ್ದನ್ನೆಲ್ಲ ಮಾಡಿದಳು. ಅದು ನನಗೆ ಹೆದರಿಕೆ ಹುಟ್ಟಿಸಿತು.

ಭಾನುವಾರ ಮತ್ತೆ ಸೇರಲು ಶುರುಮಾಡಿದ್ದು ಮೂರು ತಿಂಗಳ ಮೇಲೆ. ಯಾರು ಕರೆದರೋ ನೆನಪಿಲ್ಲ, ಬಂದೆವು. ಅವನು ಕೂರುತ್ತಿದ್ದ ಬಂಡಲ್ಲಿನ ಮೇಲೆ ಯಾರೂ ಕೂರಲಿಲ್ಲ. ಮಾತು ಶುರುಮಾಡುವವರಿರಲಿಲ್ಲ. ಅಧ್ಯಕ್ಷರಿಲ್ಲ ಎಂದು ಹೇಳಿಕೊಂಡರೂ ಇಷ್ಟು ವರ್ಷ ಹೂಂ ಎಂದು ಶುರುಮಾಡುತ್ತಿದ್ದವನು ಅವನೇ ಎಂದು ಆಗ ಗೊತ್ತಾಯಿತು. ಅವನಿಗೂ ಅದು ಗೊತ್ತಿತ್ತೋ ಇಲ್ಲವೋ.

ದೀಪಾವಳಿ ಕಳೆದ ಒಂದು ಭಾನುವಾರ ಟೀಚರ್‌ಗೆ ತಲೆ ಸುತ್ತಿತು. ಗೋಡೆ ಹಿಡಿದುಕೊಂಡರು. ಬೆಳಿಗ್ಗೆ ತಿಂಡಿ ತಿಂದಿಲ್ಲ, ಏನೂ ಬೇಡ, ಸ್ವಲ್ಪ ಕೂರುತ್ತೇನೆ ಎಂದರು. ಬೇಡ ಎಂಬ ಮಾತು ಅವರ ಬಾಯಿಂದ ಪೂರ್ತಿ ಬೀಳುವ ಮೊದಲೇ ನಾನು ಅವರ ರಟ್ಟೆ ಹಿಡಿದಿದ್ದೆ. "ನಡೀರಿ," ಎಂದೆ. ಅವರು ಬಿಡಿ ಬಿಡಿ ಎನ್ನುತ್ತಿದ್ದರೂ ಆಟೋಗೆ ಹತ್ತಿಸಿದೆ. ಬೀದಿಯವರೆಲ್ಲ ನೋಡಿದರು. ಆಸ್ಪತ್ರೆಯಲ್ಲಿ ಬಿಪಿ ನೋಡಿ, ಇಸಿಜಿ ಮಾಡಿ, ಏನೂ ಇಲ್ಲ, ಹೊತ್ತಿಗೆ ಸರಿಯಾಗಿ ತಿನ್ನಿ ಎಂದು ಕಳಿಸಿದರು.

ವಾಪಸು ಬರುವಾಗ ಟೀಚರ್ ನಾನು ಹಿಡಿದಿದ್ದ ರಟ್ಟೆಯನ್ನು ಉಜ್ಜಿಕೊಂಡರು. ಮನೆ ಮುಂದೆ ಇಳಿದು, "ನನ್ನ ಯಜಮಾನ್ರೂ ಹಿಂಗೇ ರಟ್ಟೆ ಹಿಡೀತಿದ್ರು. ಒಳ್ಳೇದಕ್ಕೇನೇ ಅಂತಿದ್ರು," ಎಂದು ಒಳಗೆ ಹೋದರು. ಮುಂದಿನ ಎರಡು ಭಾನುವಾರ ಬರಲಿಲ್ಲ.

ಮೂರನೆಯ ಭಾನುವಾರ ಬಂದರು. ಅವತ್ತು ಭಾಯಿ ಒಂದು ವಿಷಯ ಇಟ್ಟರು. ನಮ್ಮ ನಿಯಮಕ್ಕೆ ಒಂದು ಸಾಲು ಸೇರಿಸೋಣ. ಯಾರಿಗಾದರೂ ಹುಷಾರಿಲ್ಲದಾಗ ಅವರ ಬೇಡ ಲೆಕ್ಕಕ್ಕಿಲ್ಲ, ಮಿಕ್ಕವರು ಎತ್ತಿಕೊಂಡು ಹೋಗುವುದು. ಟೀಚರ್ ಬಹಳ ಯೋಚಿಸಿ, "ಆಗ್ಲಿ," ಎಂದರು. ನಾನು ಆಗಲಿ ಎನ್ನುವ ಮೊದಲೇ ಅಳು ಬಂತು.

ಹುಡುಗಿ ಬೇಡ ಎಂದಳು.

ನಾನು ಕಿರುಚಿದೆ. "ಇನ್ನೂ ಬೇಡ ಅಂತೀಯಲ್ಲೇ! ಒಂದು ಬೇಡ ಸಾಲ್ದಾ ನಿಮಗೆಲ್ಲ?"

ಅವಳು ಅಳಲಿಲ್ಲ. ಮದುವೆ ಒಲ್ಲೆ ಎಂದಾಗ ತನ್ನ ಮನೆಯವರು ತನಗೆ ತಲೆ ಸರಿಯಿಲ್ಲ ಎಂದು ಹೇಳಿ ಹದಿನೆಂಟು ದಿನ ಕೋಣೆಯಲ್ಲಿ ಕೂಡಿಹಾಕಿದ್ದನ್ನು ಹೇಳಿದಳು. ಮಾತ್ರೆ ಕೂಡ ನುಂಗಿಸಿದರಂತೆ. "ಹುಷಾರಿಲ್ಲ ಅಂತ ಯಾರು ತೀರ್ಮಾನ ಮಾಡೋದಕ್ಕ? ಅವರೂ ನನ್ನ ಒಳ್ಳೇದಕ್ಕೆ ಅಂತಾನೇ ಬೀಗ ಹಾಕಿದ್ದು. ನಂಗೆ ಅಣ್ಣ ಬೇಕಿತ್ತು. ಆದ್ರೆ ಈ ಸಾಲು ಬೇಡ."

ಅವಳು ಹೇಳಿದ್ದು ಸುಳ್ಳಲ್ಲ. ನನ್ನ ತಮ್ಮನಿದ್ದಿದ್ದರೆ ಅವಳ ಕಡೆಗೇ ಇರುತ್ತಿದ್ದ. ಅದು ಗೊತ್ತಿದ್ದೂ ನನಗೆ ಅವಳ ಮೇಲೆ ಸಿಟ್ಟು ಇಳಿಯಲಿಲ್ಲ.

ಭಾಯಿ ತಮ್ಮ ಕೈಗೆ ಅಂಟಿದ್ದ ಎಣ್ಣೆಯನ್ನು ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ನೆಲ ನೋಡಿಕೊಂಡು ಹೇಳಿದರು.

"ಅಕ್ಕ, ಒಂದ್ ಮಾತು ನಾನು ನಿಮಗೆ ಹೇಳಿಲ್ಲ. ಅವತ್ತು ನೀವು ಒಳಗೆ ಜೀರಿಗೆ ನೀರು ಕಾಯಿಸ್ತಾ ಇದ್ರಲ್ಲ. ಟೀಚರೂ ಇವಳೂ ಕಪಾಟು ನೋಡಕ್ಕೆ ಹೊರಗೆ ಹೋಗಿದ್ರು. ಆವಾಗ ನಿಮ್ ತಮ್ಮ ನನ್ ಕಡೆ ತಿರುಗಿ ಅಂದ್ರು, 'ಅಕ್ಕ ನಡಿ ಅಂದ್ರೆ ನಡೀತೀನಿ ಭಾಯಿ' ಅಂತ."

ನಾನು ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ನಗ್ತಾ ಅಂದ್ನಾ?" ಎಂದು ಕೇಳಿದೆ.

"ನಗ್ತಾನೇ. ಅವರು ಎಲ್ಲಾನೂ ನಗ್ತಾನೇ ತಾನೇ ಅನ್ನೋದು."

"ನಂಗೆ ಹೇಳ್ಬೇಕಿತ್ತು ಭಾಯಿ."

"ಹೇಳೋಣ ಅಂತಾನೇ ಇದ್ದೆ. ಹೇಳಿದ್ರೆ ನಿಮ್ ಕೈಲಿ ಹುಕುಂ ಮಾಡಿಸ್ದಂಗೆ ಆಗುತ್ತೆ ಅನ್ನಿಸ್ತು. ಇಷ್ಟು ವರ್ಷ ಅವರು ನಮಗೆ ಹೇಳಿದ್ದು ಅದೇ ಅಲ್ವಾ, ಯಾರ ಕೈಲೂ ಹುಕುಂ ಮಾಡಿಸ್ಬೇಡಿ ಅಂತ." ಅವರು ಎದ್ದು ತಮ್ಮ ಅಂಗಡಿಗೆ ಹೋದರು. ಅವರನ್ನು ನಾನು ದೂರುವುದಿಲ್ಲ. ನಾನು ಅವನಿಗೆ ಕೊಟ್ಟ ಮಾತು ಉಳಿಸಿದೆ, ಅವರು ಅವನು ಹೇಳಿಕೊಟ್ಟ ಮಾತು ಉಳಿಸಿದರು; ಇಬ್ಬರ ತಪ್ಪೂ ಒಂದೇ.

ಅವನು ಲೋಟ ಹಿಡಿದು ನನ್ನನ್ನು ನೋಡಿದ್ದು ಈಗ ದಿನವೂ ಕಾಣುತ್ತದೆ. ಬರೀ ತಮಾಷೆಗೆ ಅಂದಿದ್ದನೋ. ನಾನು ಹೇಳುವುದಿಲ್ಲ ಎಂದು ಗೊತ್ತಿದ್ದೇ ಅಂದನೋ. ಅಥವಾ ಅಂಗಡಿ ಬಾಗಿಲಲ್ಲಿ ಕೊಟ್ಟ ಮಾತನ್ನು ಇವತ್ತೊಂದು ದಿನ ಮುರಿ ಎಂದು ಕಾಯುತ್ತಿದ್ದನೋ. ಕಾಯುತ್ತಿದ್ದರೆ ಅವನೇ ನನ್ನನ್ನು ಕೇಳಬಹುದಿತ್ತು. ಅವನಿಗೂ ಬಾಯಿ ಬರಲಿಲ್ಲವೇನೋ. ಯಾರೂ ಯಾರನ್ನೂ ಆಳಬಾರದು ಎಂಬ ಅವನ ವಿಚಾರ ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ತಪ್ಪು ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಭಾಯಿ ಆ ಸಾಲನ್ನು ಮತ್ತೆ ಎರಡು ಸಲ ಇಟ್ಟಿದ್ದಾರೆ, ಮಾತು ಬದಲಿಸಿ ಬದಲಿಸಿ. ಒಮ್ಮೆ ಹುಡುಗಿ ಒಪ್ಪಿದಳು, ಟೀಚರ್ ಬೇಡ ಎಂದರು. ಇನ್ನೊಮ್ಮೆ ಇಬ್ಬರೂ ಒಪ್ಪಿದರು. ಆಗ ನನ್ನ ಬಾಯಿಂದ ಬೇಡ ಎಂದು ಬಂತು. ಯಾಕೆ ಎಂದು ಅವರು ಕೇಳಿದರು. ಈಗ ಆ ಸಾಲು ಬಂದರೆ, ಅದು ಅವತ್ತು ಇರಲಿಲ್ಲ ಎನ್ನುವುದನ್ನು ನಾನು ತಡೆದುಕೊಳ್ಳಲಾರೆ ಎಂದು ಹೇಳಲು ಆಗಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

ಅವನು ಹೋಗಿ ಹದಿನಾಲ್ಕು ತಿಂಗಳಾಯಿತು. ನೋವಿನಲ್ಲಿರುವವರು ಬೇಡ ಎಂದಾಗ ಏನು ಮಾಡಬೇಕು ಎನ್ನುವುದಕ್ಕೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ.